ಬಾಡಿಗೆ ಕಾರಿನ ಮೆಂಬರ್‌ಶಿಪ್: ಹಾಸನದಲ್ಲಿ ಕೂತೇ ಬಿಡಿಸಿಕೊಳ್ಳುವುದು

ಬೆಂಗಳೂರಿನಲ್ಲಿದ್ದಾಗ ಸೆಲ್ಫ್ ಡ್ರೈವ್ ಕಾರಿನ ಮೆಂಬರ್‌ಶಿಪ್ ಮಾಡಿಸಿ, ಆಮೇಲೆ ಊರಿಗೆ ಬಂದು ನೆಲೆಸಿದವರು ಬಹುತೇಕ ಮೊದಲು ಮಾಡುವ ಕೆಲಸ ಆ್ಯಪ್ ಅಳಿಸುವುದು. ಅದೇ ತಪ್ಪು. ಆ್ಯಪ್ ಹೋದರೂ ಖಾತೆ ಇರುತ್ತದೆ, ಆಟೊಪೇ ಇರುತ್ತದೆ, ತಿಂಗಳ ದುಡ್ಡು ಕಟ್ ಆಗುತ್ತಲೇ ಇರುತ್ತದೆ. ಜಗಳಕ್ಕೆ ಹೋದರೆ ತೋರಿಸಲು ಕೈಯಲ್ಲಿ ಒಂದು ಬಿಲ್ಲೂ ಇರುವುದಿಲ್ಲ.

ಹಾಗಾಗಿ ಮೊದಲು ಸ್ಕ್ರೀನ್‌ಶಾಟ್: ಮೆಂಬರ್‌ಶಿಪ್ ನಂಬರ್, ಮುಂದಿನ ಕಂತಿನ ತಾರೀಖು, ಡೆಪಾಸಿಟ್, ವ್ಯಾಲೆಟ್, ಕಡೆಯ ಟ್ರಿಪ್‌ಗಳ ಬಿಲ್, ರದ್ದತಿ ನಿಯಮದ ಪುಟ. ವ್ಯಾಲೆಟ್‌ನಲ್ಲಿ ನೀವು ಹಾಕಿದ ದುಡ್ಡು ಬೇರೆ, ಕಂಪನಿ ಕೊಟ್ಟ ಆಫರ್ ಪಾಯಿಂಟ್ ಬೇರೆ. ಪಾಯಿಂಟ್ ಹೋದರೆ ಹೋಗಲಿ. ನಿಮ್ಮ ದುಡ್ಡನ್ನು ಖಾತೆ ಮುಚ್ಚುವ ಮುಂಚೆಯೇ ಬ್ಯಾಂಕಿಗೆ ವಾಪಸ್ ಕೇಳಿ.

ಆ್ಯಪ್‌ನಲ್ಲಿ ರದ್ದು ಮಾಡಲು ಹೋದಾಗ ‘ಪಾಜ್ (pause) ಮಾಡಿ, ಮೂರು ತಿಂಗಳು ಅರ್ಧ ಬೆಲೆ’ ಎಂಬಂಥ ಆಮಿಷ ಎದುರಾಗಬಹುದು. ಪಾಜ್ ಅಂದರೆ ತಾತ್ಕಾಲಿಕ ನಿಲುಗಡೆ, ರದ್ದಲ್ಲ. ಅವಧಿ ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬ ಈ ಏರ್ಪಾಡನ್ನು ಕೇಂದ್ರದ 2023ರ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ದಾರಿ ತಪ್ಪಿಸುವ ಆ್ಯಪ್ ವಿನ್ಯಾಸ) ಮಾರ್ಗಸೂಚಿ ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಎಂದು ಹೆಸರಿಟ್ಟೇ ನಿಷೇಧಿಸಿದೆ. ಕಂಪನಿಗೆ ಬರೆಯುವ ಇಮೇಲ್‌ನಲ್ಲಿ ಈ ಹೆಸರು ಬಳಸಿ.

ಕಾಲ್ ಸೆಂಟರ್‌ಗೆ ಗಂಟೆಗಟ್ಟಲೆ ಕಾಯುವುದು ದಂಡ. ಮಾತಿಗೆ ದಾಖಲೆ ಇಲ್ಲ. ಇಮೇಲ್‌ನಲ್ಲಿ ನಾಲ್ಕೇ ಸಾಲು ಸಾಕು: ನಂಬರ್, ಇಂಥ ತಾರೀಖಿನಿಂದ ರದ್ದು, ವಾಪಸ್ ಬರಬೇಕಾದ ಮೊತ್ತ, ಟಿಕೆಟ್ (ದೂರಿನ) ನಂಬರ್ ಕೊಡಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ನಕಲಿ ನಂಬರ್‌ಗಳಿಗೆ ಅಲ್ಲಿ ಬರವಿಲ್ಲ.

ಮುಂದೆ ಆಟೊಪೇ. ಫೋನ್‌ಪೇ, ಗೂಗಲ್ ಪೇ ಎರಡರಲ್ಲೂ ಪ್ರೊಫೈಲ್ ಒಳಗೆ ‘ಆಟೊಪೇ’ ಇದೆ. ಅಲ್ಲಿ ಆ ಕಂಪನಿಯ ಮ್ಯಾಂಡೇಟ್, ಅಂದರೆ ದುಡ್ಡು ತಾನಾಗಿ ಕಟ್ ಆಗಲು ನೀವು ಕೊಟ್ಟ ಅನುಮತಿ, ರದ್ದು ಮಾಡಿ. ಆಗ ಯುಪಿಐ ಪಿನ್ ಕೇಳುತ್ತದೆ, ಅದು ಸರಿ. ‘ರಿಫಂಡ್ ಹಾಕ್ತೀವಿ, ಪಿನ್ ಒತ್ತಿ’ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಮಾತ್ರ ಕಟ್ ಮಾಡಿ, ಏಕೆಂದರೆ ದುಡ್ಡು ಬರಲು ಪಿನ್ ಬೇಕಿಲ್ಲ. ಕಂತು ಕಟ್ ಆಗುವ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ಆದರೆ ಆ ಮೆಸೇಜ್ ನೋಡಿದ ಮೇಲೆ ಓಡಾಡುವ ಬದಲು ಎರಡು ಮೂರು ದಿನ ಮೊದಲೇ ಮುಗಿಸಿಕೊಳ್ಳಿ. ಮ್ಯಾಂಡೇಟ್ ನಿಲ್ಲಿಸಿದ ಮಾತ್ರಕ್ಕೆ ಒಪ್ಪಂದ ಮುಗಿಯುವುದಿಲ್ಲ, ಕಂಪನಿ ಬಾಕಿ ಬರೆದುಕೊಳ್ಳಬಹುದು. ಇಮೇಲ್ ಮೊದಲು ಎಂದದ್ದು ಅದಕ್ಕೇ.

ಹೆಚ್ಚು ಸತಾಯಿಸುವುದು ಡೆಪಾಸಿಟ್. ಚಲನ್ ಬಾಕಿ, ಟೋಲ್ ಬಾಕಿ, ಗೀರು, ಲೇಟ್ ಫೀ ಎಂದು ಹಿಡಿಯುತ್ತಾರೆ. ಚಲನ್ ಎಂದರೆ ಅದರ ನಂಬರ್ ಕೇಳಿ, ಸರ್ಕಾರದ ಪರಿವಹನ್ ವೆಬ್‌ಸೈಟಿನ ಇ-ಚಲನ್ ಪುಟದಲ್ಲಿ ನೀವೇ ನೋಡಿ. ಟೋಲ್ ಎಂದರೆ ಪ್ಲಾಜಾ ಹೆಸರು, ದಿನ, ಸಮಯ ಇರುವ ಫಾಸ್ಟ್ಯಾಗ್ ವಿವರ ಕೇಳಿ. ಶಾಂತಿಗ್ರಾಮದ ಟೋಲ್‌ನಲ್ಲಿ ಕಟ್ ಆದ ದುಡ್ಡಿನ ಸಮಯ ನಿಮ್ಮ ಟ್ರಿಪ್ ಬಿಲ್ಲಿಗೆ ಹೊಂದದಿದ್ದರೆ ಅದು ಬೇರೆ ಗಿರಾಕಿಯದು. ಗೀರಿನ ತಕರಾರಿಗೆ ಕಾರು ಬಿಡುವಾಗ ತೆಗೆದ ನಾಲ್ಕೂ ಬದಿಯ ಫೋಟೊ, ಓಡೊಮೀಟರ್ ಫೋಟೊ ಒಂದೇ ಮದ್ದು. ಲೇಟ್ ಫೀಗೆ ಕಾರಣ ಎಷ್ಟೋ ಸಲ ಘಟ್ಟ: ಬಿಸಿಲೆಯಲ್ಲೋ ಕುದುರೆಮುಖದ ದಾರಿಯಲ್ಲೋ ಸಿಗ್ನಲ್ ಇಲ್ಲದೆ ಅವಧಿ ವಿಸ್ತರಿಸುವ ಕೋರಿಕೆ ಹೋಗಿರುವುದೇ ಇಲ್ಲ. ಅಂಥ ಕಡೆ ಹೊರಡುವ ಮೊದಲೇ ಊರಿನಲ್ಲಿ ಸಮಯ ಹೆಚ್ಚಿಸಿಕೊಳ್ಳಬೇಕು.

ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆಮೇಲೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. ಕಂಪನಿ ಬೆಂಗಳೂರಿನಲ್ಲೋ ಗುರುಗ್ರಾಮದಲ್ಲೋ ಇದೆ ಎಂದು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಹಾಸನದ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲೂ ಹಾಕಬಹುದು. ಗಡುವು ಎರಡು ವರ್ಷ.