ಮನೆಪೆದ ಹಿಡಿದು ದಾನಿಗಳ ಲೆಕ್ಕ ಸರಿಮಾಡಿದ್ದು

ಈ ಸಲ ಮೇ 31ಕ್ಕೆ ನಾಲ್ಕು ದಿನ ಮೊದಲೇ ನಮ್ಮ ಟ್ರಸ್ಟಿನ 10ಬಿಡಿ, ಅಂದರೆ ಆದಾಯ ತೆರಿಗೆ ಇಲಾಖೆಗೆ ಕೊಡುವ ದಾನಿಗಳ ವಿವರಪಟ್ಟಿ, ಸಲ್ಲಿಸಿದೆ. ದಾನಿಗಳು ಸುಮಾರು 640, ಬಂದ ದೂರು ಮೂರು. ನಾಲ್ಕು ವರ್ಷದ ಹಿಂದೆ ಎಪ್ಪತ್ತು ದಾಟಿತ್ತು. ದಾನಿಗಳ ಮನೆಪೆದ, ಅಂದರೆ ಕೊಡವರ ಮನೆಹೆಸರು, ಬರೆದುಕೊಳ್ಳುವುದನ್ನು ನೋಡಿ ‘ರಸೀದಿ ಬರೆಯುತ್ತೀರೋ, ವಂಶಾವಳಿ ಬರೆಯುತ್ತೀರೋ’ ಎಂದು ಕೇಳಿದ್ದ ಲೆಕ್ಕಪರಿಶೋಧಕರು ಮೊನ್ನೆ ಇನ್ನೊಂದು ಸಂಸ್ಥೆಯವರನ್ನು ನನ್ನ ಬಳಿಗೇ ಕಳುಹಿಸಿದರು.

ವಿರಾಜಪೇಟೆ ಸುತ್ತ ಪೊನ್ನಪ್ಪ ಎಂದು ಹುಡುಕಿದರೆ ನನ್ನ ಪುಸ್ತಕದಲ್ಲಿ ಹನ್ನೊಂದು ಜನ ಸಿಗುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ಒಬ್ಬರ ಮನೆಪೆದ ಮೊದಲಿಗೆ, ಇನ್ನೊಬ್ಬರದು ಕೊನೆಗೆ, ಮತ್ತೊಬ್ಬರದು ಇಲ್ಲವೇ ಇಲ್ಲ. ಸುಮಾರು 90 ಸಾವಿರ ಕೊಟ್ಟು ತರಿಸಿದ್ದ ತಂತ್ರಾಂಶ, ಹೆಸರು ಮತ್ತು ಊರು ಹೊಂದಿದವರನ್ನೆಲ್ಲ ಒಬ್ಬರೇ ಎಂದು ಬೆಸೆದುಬಿಟ್ಟಿತು. ತೀರಿಕೊಂಡು ವರ್ಷವಾಗಿದ್ದ ಹಿರಿಯರೊಬ್ಬರ ಹೆಸರಿಗೆ ‘ಈ ವರ್ಷದ ನಿಮ್ಮ ನೆರವಿಗೆ ಧನ್ಯವಾದ’ ಎಂಬ ಪತ್ರ ಹೋಯಿತು. ಹಣ ಕೊಟ್ಟವರು ಬೇರೆ ಮನೆಯ ಪೊನ್ನಪ್ಪ. ತೀರಿಕೊಂಡವರ ಪತ್ನಿ ಫೋನಿನಲ್ಲಿ ಬೈಯಲಿಲ್ಲ, ಅತ್ತರು. ಮರುದಿನ ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಆ ವಾರವೇ ತಂತ್ರಾಂಶ ಬಿಟ್ಟೆ.

ಆಮೇಲೆ ಎಕ್ಸೆಲ್ಲಿನಲ್ಲಿ ಮೊದಲ ಕಾಲಂ ಮನೆಪೆದಕ್ಕೆ, ಎರಡನೆಯದು ಮೂಲ ಊರಿಗೆ, ಮೂರನೆಯದು ತಂದೆಯ ಹೆಸರಿಗೆ. ದಾನಿಯ ಹೆಸರು ನಾಲ್ಕನೆಯದು. ಅರೆಭಾಷೆ ಗೌಡರಿಗೂ ಇದೇ ಸರಿಹೋಯಿತು, ಅವರಲ್ಲಿಯೂ ಮನೆಹೆಸರು ಗಟ್ಟಿ. ಬೆಂಗಳೂರಿನಲ್ಲಿ ನೆಲೆಸಿದವರು ವಿಳಾಸವನ್ನು ನಾಲ್ಕು ಸಲ ಬದಲಿಸುತ್ತಾರೆ, ಐನ್‌ಮನೆ, ಅಂದರೆ ಕುಟುಂಬದ ಮೂಲ ಮನೆ, ಬದಲಾಗುವುದಿಲ್ಲ. ಹಳೆಯ ದಾಖಲೆ ತಿದ್ದಲು ಎರಡು ಮಳೆಗಾಲ ಹಿಡಿಯಿತು. ಕರೆಂಟ್ ಇಲ್ಲದ ದಿನಗಳಲ್ಲಿ ಕಾಗದದಲ್ಲೇ ಗುರುತು ಹಾಕಿದೆ.

ಯುಪಿಐ ಬಂದ ಮೇಲೆ ತೊಡಕು ಬೇರೆ. ಅಪ್ಪನ ದಾನ ಮಗಳ ಫೋನಿನಿಂದ ಬರುತ್ತದೆ, ಬ್ಯಾಂಕಿನ ಪಟ್ಟಿಯಲ್ಲಿ ಅರ್ಧ ಹೆಸರು ಮತ್ತು 12 ಅಂಕಿಯ ಸಂಖ್ಯೆ ಮಾತ್ರ. ನಾನು ಅದೇ ಸಂಜೆ ಫೋನ್ ಮಾಡುತ್ತೇನೆ. ಖಾತೆ ಯಾರದೋ ಅವರ ಪ್ಯಾನ್ ಕೇಳುತ್ತೇನೆ, ರಸೀದಿಯೂ ಅವರಿಗೇ. ಪ್ಯಾನ್ ಕೊಡಲು ಹಿಂಜರಿಯುವವರಿಗೆ ನಾನು ಹೇಳುವ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. 2,000 ರೂಪಾಯಿ ಮೀರಿದ ನಗದಿಗೆ 80ಜಿ, ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಇಲ್ಲವೆಂದು ಹಣ ಮುಟ್ಟುವ ಮೊದಲೇ ಹೇಳಿಬಿಡುತ್ತೇನೆ. 2018ರ ಭೂಕುಸಿತದ ನಂತರ ಹೊರದೇಶದಿಂದಲೂ ಹಣ ಕೊಡಲು ಮುಂದೆ ಬಂದರು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ, ಹಾಗಾಗಿ ಯಾವ ದೇಶದ ಪಾಸ್‌ಪೋರ್ಟ್ ಎಂದು ಮೊದಲು ಕೇಳಿದೆ. ವಿದೇಶಿ ಪೌರತ್ವ ಪಡೆದವರ ಸುಮಾರು ಎರಡು ಲಕ್ಷವನ್ನು ಬೇಡವೆಂದೆ. ಟ್ರಸ್ಟಿಗಳು ಮುನಿಸಿಕೊಂಡರು. ಇಂದಿಗೂ ಆ ನಿರ್ಧಾರ ಸರಿಯೆಂದೇ ನಂಬಿದ್ದೇನೆ.

ನಡುವೆ ರಸೀದಿಯೊಂದಿಗೆ ನೂರು ಗ್ರಾಂ ಕಾಫಿ ಪುಡಿ ಕಳುಹಿಸಿ ನೋಡಿದೆ. ಕೊರಿಯರ್ ಸೇರಿ 18 ಸಾವಿರ ಹೋಯಿತು, ಹೊಸ ದಾನಿ ಒಬ್ಬರೂ ಬರಲಿಲ್ಲ. ಕೊಡಗಿನವರಿಗೆ ಕಾಫಿ ಪುಡಿ ಕಳುಹಿಸಿದ್ದು ನನ್ನದೇ ತಪ್ಪು.

ಫಲ ಕೊಟ್ಟದ್ದು ಮನವಿಯ ಸಮಯ ಬದಲಿಸಿದ್ದು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಪತ್ರ ಹೋದರೆ ನಾಲ್ಕು ಲಕ್ಷ ಬಂದರೆ ಹೆಚ್ಚು, ಆಗ ಬೆಳೆಗಾರರ ಕೈಯ ಹಣವೆಲ್ಲ ಕೊಯ್ಲಿನ ಕೂಲಿಗೆ ಹೋಗುತ್ತಿರುತ್ತದೆ. ರೋಬಸ್ಟಾ ಕಾಫಿ ಕೊಯ್ದು ಮಾರಿದ ಮೇಲೆ, ಮಾರ್ಚ್ ಎರಡನೆಯ ವಾರ ಕಳುಹಿಸಿದೆ. ಹನ್ನೊಂದು ಲಕ್ಷದ ಹತ್ತಿರ ಬಂತು. ಯಾವ ಮನೆಗೆ ಮೊದಲು ಫೋನ್ ಮಾಡಬೇಕು ಎಂಬ ನನ್ನ ಪಟ್ಟಿ ಬೀರುವಿನಲ್ಲಿದೆ. 1996ರಿಂದ 2011ರವರೆಗಿನ ರಸೀದಿ ಪುಸ್ತಕಗಳು ಇನ್ನೂ ಕಟ್ಟು ಬಿಚ್ಚದೆ ಅದೇ ಬೀರುವಿನಲ್ಲಿವೆ, ಈ ಮಳೆಗಾಲಕ್ಕೆ ಅವು.