ಪಿಯುಗೆ ಯಾವ ಕಾಂಬಿನೇಷನ್? ಮೊದಲು ಡಿಗ್ರಿ ನೋಡಿ

ಹೋದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೂರನೇ ದಿನ ಕೊಡಗಿನ ಭಾಗಮಂಡಲ ಕಡೆಯ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವವಳು. ಮೇ ತಿಂಗಳಲ್ಲಿ ಇಂಥ ಅತಿಥಿಗಳು ಜಾಸ್ತಿ.

"ಮೇಡಂ, ಇವಳಿಗೆ ಕಾಡು, ಮರ ಅಂದ್ರೆ ಪ್ರಾಣ. ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಓದ್ತಾಳಂತೆ. ಆದ್ರೆ ಮ್ಯಾಥ್ಸ್ ಮಾತ್ರ ಬೇಡ್ವಂತೆ. ಕಾಡಿಗೂ ಮ್ಯಾಥ್ಸಿಗೂ ಏನು ಸಂಬಂಧ, ನೀವೇ ಹೇಳಿ" ಎಂದರು ಅಪ್ಪ.

ನಾನು ಹುಡುಗಿಯನ್ನು ಅಂಗಳಕ್ಕೆ ಕರೆದೆ. ಬೇಲಿ ಪಕ್ಕ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರವಿದೆ. "ಹತ್ತದೆ ಇದರ ಎತ್ತರ ಹೇಳು ನೋಡೋಣ" ಎಂದೆ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ಇಳಿಬಿಟ್ಟು ಕೊಟ್ಟೆ. ತುದಿ 45 ಡಿಗ್ರಿಗೆ ಕಾಣುವ ತನಕ ಅವಳು ಹಿಂದೆ ಹಿಂದೆ ಸರಿದಳು. ಬುಡದಿಂದ ಅಳೆದರೆ 20 ಮೀಟರ್. 45 ಡಿಗ್ರಿಯ ಟ್ಯಾನ್ ಬೆಲೆ 1 ಅಲ್ವಾ? ಹಾಗಾದರೆ ಅವಳ ಕಣ್ಣಿನ ಮಟ್ಟದಿಂದ ಮೇಲಕ್ಕೆ 20 ಮೀಟರ್. ಕಣ್ಣಿನ ಎತ್ತರ ಒಂದೂವರೆ ಮೀಟರ್ ಸೇರಿಸಿದರೆ ಮರ 21.5 ಮೀಟರ್. 10ನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಟ್ಯಾನ್ ಥೀಟಾ ಇದೇ. ಮರದ ಎತ್ತರ, ಸುತ್ತಳತೆ, ಅದರಲ್ಲಿರುವ ಮರಮಟ್ಟಿನ ಲೆಕ್ಕ, ಇವನ್ನು ಫಾರೆಸ್ಟ್ರಿ ಡಿಗ್ರಿಯಲ್ಲಿ ಒಂದು ಪ್ರತ್ಯೇಕ ವಿಷಯವಾಗಿಯೇ ಕಲಿಸುತ್ತಾರೆ.

ಹುಡುಗಿ ಸುಮ್ಮನೆ ಮರ ನೋಡುತ್ತಾ ನಿಂತಳು. ಆ ಸಂಜೆ ಅವಳ ಜೊತೆ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ವಿಷಯ ಬರೆಯಬೇಡಿ, ಡಿಗ್ರಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಪಿಯು ಮುಗಿದ ಮೇಲೆ ಓದಲು ಆಸೆಯಿರುವ ಮೂರು ಡಿಗ್ರಿಗಳ ಹೆಸರು ಬರೆಯಿರಿ. ಒಂದೇ ಬರೆದರೆ ಸಾಲದು. 16 ವರ್ಷಕ್ಕೆ ಇದ್ದ ಆಸೆ 18ಕ್ಕೆ ಹಾಗೇ ಇರಬೇಕೆಂದಿಲ್ಲ. ಸೀಟು ಸಿಗುತ್ತದೆ ಎಂಬ ಗ್ಯಾರಂಟಿಯೂ ಇಲ್ಲ.

ನಮ್ಮಲ್ಲಿ ಹೆಚ್ಚಿನ ಮಕ್ಕಳು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಗೆಳತಿ ಯಾವ ಕಾಂಬಿನೇಷನ್ ತೆಗೆದುಕೊಂಡಳೋ ಅದು. ಬಸ್ ಸಿಗುವ ಕಾಲೇಜಿನಲ್ಲಿ ಯಾವುದಿದೆಯೋ ಅದು. ಎರಡು ವರ್ಷ ಕಳೆದ ಮೇಲೆ, ಬಯಸಿದ ಕೋರ್ಸಿಗೆ ಅರ್ಜಿ ಹಾಕಲೂ ಆಗುವುದಿಲ್ಲ ಎಂದು ಗೊತ್ತಾಗುತ್ತದೆ. ಅಂಥ ಮಕ್ಕಳು ಎದುರು ಬಂದು ನಿಂತಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬುದ್ಧಿ ಇದೆ, ಅಂಕ ಇದೆ, ಒಂದು ವಿಷಯ ಮಾತ್ರ ಇಲ್ಲ.

ಹೆಜ್ಜೆ 2: ಆ ಡಿಗ್ರಿ ಏನು ಕೇಳುತ್ತದೆ?

ಪಿಯು ವಿಜ್ಞಾನದಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಫಿಸಿಕ್ಸ್, ಕೆಮಿಸ್ಟ್ರಿ ಬಹುತೇಕ ಎಲ್ಲರಿಗೂ ಇರುತ್ತವೆ. ಅವುಗಳ ಜೊತೆ ಮ್ಯಾಥ್ಸ್, ಬಯಾಲಜಿ ಎರಡೂ ಇದ್ದರೆ ಪಿಸಿಎಂಬಿ. ಬಯಾಲಜಿ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್ ಬಂದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಬಂದರೆ ಪಿಸಿಎಂಇ, ಸ್ಟ್ಯಾಟಿಸ್ಟಿಕ್ಸ್ ಬಂದರೆ ಪಿಸಿಎಂಎಸ್. ಮ್ಯಾಥ್ಸ್ ಬಿಟ್ಟು ಬೇರೆ ವಿಷಯ ಕೊಡುವ ಕಾಲೇಜುಗಳೂ ಅಲ್ಲಲ್ಲಿ ಇವೆ. ಸಿಬಿಎಸ್‌ಇ ಶಾಲೆಗಳಲ್ಲಿ 11ನೇ ತರಗತಿಗೆ ಮ್ಯಾಥ್ಸ್ ಬಿಡುವುದು ಇನ್ನೂ ಸುಲಭ.

ಡಾಕ್ಟರ್ ಆಗಬೇಕಾದರೆ ನೀಟ್ ಬರೆಯಬೇಕು. ಅದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಒಟ್ಟು 720 ಅಂಕ. 2016ರಲ್ಲಿ ಶುರುವಾದ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೂ ದಾರಿ ಇದೇ. ಬಿಎಸ್ಸಿ ನರ್ಸಿಂಗ್, ಪಶುವೈದ್ಯಕೀಯಕ್ಕೂ ಬಯಾಲಜಿ ಬೇಕು. ಫಾರ್ಮಸಿ ಸ್ವಲ್ಪ ಸಡಿಲ: ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಮ್ಯಾಥ್ಸ್ ಇದ್ದರೂ ಆಯಿತು, ಬಯಾಲಜಿ ಇದ್ದರೂ ಆಯಿತು.

ಎಂಜಿನಿಯರಿಂಗ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ನಮ್ಮ ಜಿಲ್ಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಕಂಪ್ಯೂಟರ್ ಎಂಜಿನಿಯರ್ ಆಗಲು ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತ. ಹಾಗೇನೂ ಇಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಬರುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಲೆಕ್ಕದಲ್ಲಿ. ಅರ್ಧ ಸಿಇಟಿ ಅಂಕ, ಇನ್ನರ್ಧ ದ್ವಿತೀಯ ಪಿಯು ಅಂಕ. ಪಿಸಿಎಂಬಿ ಓದಿದವರೂ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟಿಗೆ ಪ್ರಯತ್ನ ಮಾಡಬಹುದು. ಆದರೆ ಪಿಸಿಎಂಸಿ ಓದಿದವರಿಗೆ ನೀಟ್ ಅಷ್ಟು ಸುಲಭವಿಲ್ಲ. ಬಯಾಲಜಿಯನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದವರಿಗೆ 2023ರಿಂದ ಅವಕಾಶ ಸಿಕ್ಕಿದೆ, ನಿಜ. ಅದಕ್ಕೆ ಒಂದು ವರ್ಷವಾದರೂ ಹೋಗುತ್ತದೆ.

ಇನ್ನು ಶುದ್ಧ ವಿಜ್ಞಾನ. ನನಗೆ ತುಂಬ ಹತ್ತಿರದ ಜಾಗ ಇದು, ನಮ್ಮ ಮಕ್ಕಳು ಕಡಿಮೆ ನೋಡುವ ಜಾಗವೂ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಯು ಮುಗಿಸಿ ನೇರವಾಗಿ ಸೇರುವ ನಾಲ್ಕು ವರ್ಷದ ಬಿಎಸ್ ಕೋರ್ಸ್ 2011ರಿಂದ ಇದೆ. ಅದಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿರಲೇಬೇಕು. ಗಮನಿಸಿ: ಮುಂದೆ ಅಲ್ಲಿ ಜೀವವಿಜ್ಞಾನ ಓದಬೇಕು ಎನ್ನುವವರೂ ಪಿಯುನಲ್ಲಿ ಮ್ಯಾಥ್ಸ್ ಓದಿರಬೇಕು. ತಿರುವನಂತಪುರ, ತಿರುಪತಿ, ಪುಣೆ ಸೇರಿ ದೇಶದಲ್ಲಿ ಏಳು ಕಡೆ, ವಿಜ್ಞಾನದ ಓದು ಮತ್ತು ಸಂಶೋಧನೆಗೆಂದೇ ಇರುವ ಐಸರ್ ಸಂಸ್ಥೆಗಳಿವೆ. ಐದು ವರ್ಷ ಓದಿದರೆ ಬಿಎಸ್, ಎಂಎಸ್ ಎರಡೂ ಒಟ್ಟಿಗೆ. ಅವುಗಳ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿಗೆ ತಲಾ 15. ನಾಲ್ಕರಲ್ಲಿ ಮೂರು ಓದಿದ್ದರೂ ಬರೆಯಬಹುದು. ಆದರೆ ಓದದ ವಿಷಯದ 15 ಪ್ರಶ್ನೆಗಳು ಅಲ್ಲಿ ಕಾಯುತ್ತಿರುತ್ತವೆ.

ನಮ್ಮ ಕಡೆಯ ಕಾಲೇಜುಗಳಲ್ಲೇ ಬಿಎಸ್ಸಿ ಮಾಡುವುದೂ ಒಳ್ಳೆಯ ದಾರಿ. ರಾಜ್ಯದಲ್ಲಿ 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಅಲ್ಲಿ ನಿಯಮ ಸರಳ: ಡಿಗ್ರಿಯಲ್ಲಿ ಓದುವ ವಿಷಯಕ್ಕೆ ಪಿಯುನಲ್ಲಿ ತಳಪಾಯ ಬಿದ್ದಿರಬೇಕು. ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್‌ಗೆ ಮ್ಯಾಥ್ಸ್. ಬಾಟನಿ, ಜುವಾಲಜಿಗೆ ಬಯಾಲಜಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿಯಿತು. ಆಮೇಲೆ ತರಗತಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆ ಒಂದೇ: ಗುಡ್ಡ ಯಾಕೆ ಜಾರುತ್ತದೆ? ಇದಕ್ಕೆ ಉತ್ತರ ಹುಡುಕುವವರು ಭೂವಿಜ್ಞಾನ ಓದಿದವರು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇದ್ದರೆ ಆ ಕಡೆ ಹೋಗುವುದು ಸಲೀಸು. ಕೊಡಗಿನಿಂದ ನಾಲ್ಕು ಮಕ್ಕಳಾದರೂ ಜಿಯಾಲಜಿ ಓದಿ ಬರಲಿ ಎಂಬುದು ನನ್ನ ದೊಡ್ಡ ಆಸೆ.

ಸೇನೆಗೆ ಹೋಗುವ ಕನಸು ನಮ್ಮಲ್ಲಿ ಮನೆಮನೆಯಲ್ಲಿದೆ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಭೂಸೇನೆಗಾದರೆ ಯಾವ ವಿಭಾಗದ ಪಿಯು ಆದರೂ ನಡೆಯುತ್ತದೆ. ವಾಯುಪಡೆ, ನೌಕಾಪಡೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು.

ಪೊನ್ನಂಪೇಟೆಯ ಅರಣ್ಯ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೆಳಗಿದೆ. ನಾಲ್ಕು ವರ್ಷದ ಕೋರ್ಸ್, ಪ್ರವೇಶ ಸಿಇಟಿ ಮೂಲಕ. ಕೃಷಿ, ತೋಟಗಾರಿಕೆ, ಫಾರೆಸ್ಟ್ರಿ ಓದಲು ಬಯಸುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಪಿಸಿಎಂಬಿ. ಇಂಥ ಕೋರ್ಸ್‌ಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಅದಕ್ಕೆ ದಾಖಲೆ ಕೊಟ್ಟು, ಕೃಷಿಯ ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು. ಎಷ್ಟೋ ತೋಟದ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ.

ಹೆಜ್ಜೆ 3: ಮ್ಯಾಥ್ಸ್ ಬಿಡುವ ಮುಂಚೆ ಎರಡು ವಾರ ಕೊಡಿ

ಹಾಳೆಯಲ್ಲಿ ಬರೆದ ಮೂರು ಡಿಗ್ರಿಗಳ ಎದುರು ಬೇಕಾದ ವಿಷಯಗಳನ್ನು ಬರೆದರೆ ಒಂದು ಹೆಸರು ಮತ್ತೆ ಮತ್ತೆ ಬರುತ್ತದೆ: ಮ್ಯಾಥ್ಸ್. ಮಕ್ಕಳು ಮೊದಲು ಕೈಬಿಡಲು ನೋಡುವುದೂ ಅದನ್ನೇ.

ಹೆದರಿಕೆ ಬೇರೆ, ಆಗದಿರುವುದು ಬೇರೆ. ಎರಡನ್ನೂ ಬೇರ್ಪಡಿಸಲು ಒಂದು ದಾರಿಯಿದೆ. ಪ್ರಥಮ ಪಿಯು ಪುಸ್ತಕವನ್ನು ಯಾರ ಬಳಿಯಾದರೂ ಕೇಳಿ ಪಡೆಯಿರಿ. ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಇರುವುದರಿಂದ ಇಂಟರ್ನೆಟ್‌ನಲ್ಲೂ ಉಚಿತವಾಗಿ ಸಿಗುತ್ತದೆ. ಮ್ಯಾಥ್ಸ್‌ನ ಮೊದಲ ಪಾಠ ಗಣಗಳು. ಕೆಮಿಸ್ಟ್ರಿಯ ಮೊದಲ ಪಾಠದಲ್ಲಿ ಮೋಲ್ ಲೆಕ್ಕ ಬರುತ್ತದೆ. ರಜೆಯಲ್ಲಿ ದಿನಕ್ಕೆ ಒಂದು ಗಂಟೆ, ಎರಡು ವಾರ ಕೂತು ನೋಡಿ. ತಪ್ಪಾಗುತ್ತದೆ, ಆಗಲಿ. ತಪ್ಪಾದ ಲೆಕ್ಕವನ್ನು ಮತ್ತೆ ಮಾಡಲು ಮನಸ್ಸು ಬರುತ್ತದಾ ಅಂತ ನೋಡಿ. ಬಂದರೆ ಮ್ಯಾಥ್ಸ್ ತೆಗೆದುಕೊಳ್ಳಿ. ಪುಸ್ತಕ ಕಂಡರೇ ಹೊಟ್ಟೆ ತೊಳಸುತ್ತದೆ, ಹಾಳೆಯಲ್ಲಿರುವ ಮೂರೂ ಡಿಗ್ರಿಗಳಿಗೆ ಅದು ಬೇಡ ಎಂದಾದರೆ ಬಿಡಿ. ಅದೇನೂ ಅವಮಾನವಲ್ಲ.

ಮೇಲೆ ಹೇಳಿದ ಹುಡುಗಿ ಪಿಸಿಎಂಬಿ ತೆಗೆದುಕೊಂಡಳು. ಮೊದಲ ಟೆಸ್ಟ್‌ನಲ್ಲಿ ಮ್ಯಾಥ್ಸ್‌ಗೆ 40ಕ್ಕೆ 17 ಬಂತು ಎಂದು ಫೋನಿನಲ್ಲಿ ಅತ್ತಳು. ಈಗ ಬಸ್ ಸಿಕ್ಕ ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು ಲೆಕ್ಕ ಮಾಡುತ್ತಾಳೆ.

ಸಿಬಿಎಸ್‌ಇ ಮಕ್ಕಳು ಇನ್ನೂ ಬೇಗ ಯೋಚಿಸಬೇಕು. 10ನೇ ತರಗತಿಯಲ್ಲೇ ಮ್ಯಾಥ್ಸ್‌ಗೆ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಬಗೆಯಿದೆ. ಮುಂದೆ ವಿಜ್ಞಾನ ಓದುವ ಮನಸ್ಸಿದ್ದರೆ ಸ್ಟ್ಯಾಂಡರ್ಡ್ ಇರಲಿ.

ಹೆಜ್ಜೆ 4: ಕಾಲೇಜಿಗೆ ಹೋಗಿ ನೋಡಿ, ಕೇಳಿ

ನಾನು ಪಿಯುಗೆ ಸೇರಿದ ಕಾಲೇಜಿನ ಅರ್ಜಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಇತ್ತು. ಶುಲ್ಕ ಕಟ್ಟಿದ ಮೇಲೆ, ಪಾಠ ಮಾಡುವವರಿಲ್ಲ, ಎಲೆಕ್ಟ್ರಾನಿಕ್ಸ್ ತಗೋ ಎಂದರು. ಆ ಬೇಸರ ಇನ್ನೂ ಹೋಗಿಲ್ಲ. ಹಾಗಾಗಿ ಅರ್ಜಿ ನೋಡಿ ನಂಬಬೇಡಿ. ಹೋಗಿ ಕೇಳಿ: ಈ ಕಾಂಬಿನೇಷನ್ ಈ ವರ್ಷ ಖಂಡಿತ ನಡೆಯುತ್ತದಾ? ಹೋದ ವರ್ಷ ಮ್ಯಾಥ್ಸ್ ಉಪನ್ಯಾಸಕರು ಯಾವ ತಿಂಗಳಿಂದ ಪಾಠ ಶುರು ಮಾಡಿದರು? ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಪಾಠವೂ ತಡವಾಗುತ್ತದೆ. ಲ್ಯಾಬ್ ಒಳಗೆ ಹೋಗಿ ನೋಡಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ಪ್ರಾಕ್ಟಿಕಲ್ ಅಂಕ ತಲಾ 30. ಸೂಕ್ಷ್ಮದರ್ಶಕದ ಮೇಲೆ ಧೂಳು ಕೂತಿದ್ದರೆ ಅದೇ ಉತ್ತರ.

ನಮ್ಮ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಆಗಸ್ಟ್ ತನಕ ಮಳೆ ರಜೆ, ಬಿದ್ದ ಮರ, ಹೋದ ಕರೆಂಟ್. ಕರಿಕೆಯಿಂದಲೋ ಕುಟ್ಟದಿಂದಲೋ ದಿನಾ ಓಡಾಡುವ ಮಗುವಿಗೆ ಪಿಸಿಎಂಬಿಯಷ್ಟು ಭಾರದ ಓದು ನಿಜಕ್ಕೂ ಕಷ್ಟ. ಕಾಂಬಿನೇಷನ್ ಬದಲಾಯಿಸುವ ಮೊದಲು ವಾಸದ ವ್ಯವಸ್ಥೆ ಬದಲಾಯಿಸಲು ಆಗುತ್ತದಾ ನೋಡಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿವೆ. ಪೇಟೆಯಲ್ಲಿ ನೆಂಟರ ಮನೆಯಿದ್ದರೆ ಮಳೆಗಾಲದ ಮೂರು ತಿಂಗಳಾದರೂ ಕೇಳಿ ನೋಡಿ. ದೂರದ ಊರಿನ ವಸತಿ ಕಾಲೇಜಿಗೆ ಸಾಲ ಮಾಡಿ ಕಳಿಸುವುದು ಆಮೇಲಿನ ಮಾತು.

ಹೆಜ್ಜೆ 5: ಕನ್ನಡ ಮಾಧ್ಯಮದ ಮಕ್ಕಳಿಗೆ

ಪಾಠ ಇಂಗ್ಲಿಷ್‌ನಲ್ಲಿ ಇರುತ್ತದೆ ಎಂದು ಹೆದರಿ ವಿಜ್ಞಾನ ಬಿಡಬೇಡಿ. ಮೊದಲ ಮೂರು ತಿಂಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ನೀವು 10ನೇ ತರಗತಿಯಲ್ಲಿ ಕಲಿತ ಕನ್ನಡ ಪದ ಬರೆಯುತ್ತಾ ಹೋಗಿ. ವೆಲಾಸಿಟಿ ಅಂದರೆ ವೇಗ, ಆಕ್ಸಲರೇಷನ್ ಅಂದರೆ ವೇಗೋತ್ಕರ್ಷ. ವಿಷಯ ನಿಮಗೆ ಆಗಲೇ ಗೊತ್ತಿದೆ, ಹೆಸರು ಮಾತ್ರ ಹೊಸದು. ನೀಟ್ ಮತ್ತು ಎಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅರ್ಜಿ ತುಂಬುವಾಗ ಭಾಷೆ ಆರಿಸಬೇಕು.

ಹೆಜ್ಜೆ 6: ಮನೆಯವರ ಜೊತೆ ಮಾತು

"ತೋಟ ಇದೆಯಲ್ಲ, ಸೈನ್ಸ್ ಯಾಕೆ?" ಈ ಮಾತು ನಾನು ತುಂಬ ಸಲ ಕೇಳಿದ್ದೇನೆ. ತೋಟ ಇರುವುದರಿಂದಲೇ ಬೇಕು ಎನ್ನುವುದು ನನ್ನ ಉತ್ತರ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಪಿಎಚ್ 5 ಎಂದಿದ್ದರೆ ಅದು 6ಕ್ಕಿಂತ ಹತ್ತು ಪಟ್ಟು ಹುಳಿ. ಎಷ್ಟು ಸುಣ್ಣ ಹಾಕಬೇಕೆಂಬ ಲೆಕ್ಕ ಶುರುವಾಗುವುದು ಅಲ್ಲಿಂದ. ಅರೇಬಿಕಾ ಕಾಫಿಯ ಕಾಂಡಕೊರಕ ಕೀಟ ಯಾವಾಗ ಮೊಟ್ಟೆಯಿಡುತ್ತದೆ ಎಂಬುದು ಬಯಾಲಜಿ. ಅಜ್ಜಂದಿರು ವರ್ಷ ವರ್ಷ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ಮಳೆ ಪುಸ್ತಕಗಳು ಸ್ಟ್ಯಾಟಿಸ್ಟಿಕ್ಸ್ ಓದುವವರಿಗೆ ನಿಧಿ. ದಯವಿಟ್ಟು ಅವನ್ನು ಗುಜರಿಗೆ ಹಾಕಬೇಡಿ.

ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದ ಇದೆ. ಅಲ್ಲೇ ಕಿತ್ತಳೆ, ಬೆಣ್ಣೆಹಣ್ಣಿನ ಮೇಲೆ ಕೆಲಸ ಮಾಡುವ ತೋಟಗಾರಿಕಾ ಕೇಂದ್ರವೂ ಇದೆ. ಮಡಿಕೇರಿ ಪಕ್ಕದ ಅಪ್ಪಂಗಳದಲ್ಲಿ ಏಲಕ್ಕಿಯ ಸಂಶೋಧನೆ ನಡೆಯುತ್ತದೆ. ವಿಜ್ಞಾನಿ ಎಂದರೆ ಯಾರು, ದಿನವಿಡೀ ಏನು ಮಾಡುತ್ತಾರೆ ಎಂದು ಮಗುವಿಗೆ ತೋರಿಸಲು ಬೆಂಗಳೂರಿಗೆ ಹೋಗಬೇಕಿಲ್ಲ. ಮುಂಚೆಯೇ ಕೇಳಿಕೊಂಡು, ಅಪ್ಪ ಅಮ್ಮನೂ ಜೊತೆಗೆ ಹೋಗಿ ಬನ್ನಿ.

ಹೆಜ್ಜೆ 7: ಸೇರಿದ ಮೇಲೆ

ತರಗತಿ ಶುರುವಾದ ಮೊದಲ ವಾರಗಳಲ್ಲಿ ಆಯ್ಕೆ ತಪ್ಪಾಯಿತು ಅನ್ನಿಸಿದರೆ ತಕ್ಷಣ ಪ್ರಾಂಶುಪಾಲರನ್ನು ಕಾಣಿ. ಕೈಲ್‌ಪೊಳ್ದ್ ಹಬ್ಬ ಮುಗಿಯಲಿ, ಟೆಸ್ಟ್ ಮುಗಿಯಲಿ ಎಂದು ಮುಂದೂಡಬೇಡಿ. ತಡವಾದಷ್ಟೂ ಬದಲಾವಣೆ ಕಷ್ಟ, ತಪ್ಪಿಹೋದ ಪಾಠವೂ ಜಾಸ್ತಿ. ಹೋಗುವಾಗ ಡಿಗ್ರಿಗಳ ಹೆಸರು ಬರೆದ ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. "ನನಗೆ ಈ ಡಿಗ್ರಿ ಬೇಕು ಸರ್, ಅದಕ್ಕೆ ಈ ವಿಷಯ ಬೇಕು" ಎಂದು ತೋರಿಸಿ ಕೇಳಿ.