ಬೆಲ್ಲಕ್ಕೆ ಕೆಮಿಕಲ್ ಹಾಕ್ತಾರಂತೆ ಅನ್ನೋ ಮೆಸೇಜ್ ಬಂದಾಗ

ಮದ್ದೂರಿನ ಹತ್ತಿರ ನಮ್ಮದೊಂದು ಆಲೆಮನೆ. ಅಣ್ಣ ಕೊಪ್ಪರಿಗೆ ನೋಡಿಕೊಳ್ಳುತ್ತಾನೆ, ನಾನು ಫೋನ್ ನೋಡಿಕೊಳ್ಳುತ್ತೇನೆ. ಸಂಕ್ರಾಂತಿ ಹತ್ತಿರ ಬಂತು ಅಂದರೆ 'ಮಂಡ್ಯ ಬೆಲ್ಲ ತಿನ್ನಬೇಡಿ' ಅನ್ನೋ ವಿಡಿಯೊ ಯಾವುದಾದರೂ ಗ್ರೂಪಿನಲ್ಲಿ ಎದ್ದೇ ಏಳುತ್ತದೆ. ಆಗ ಏನು ಮಾಡಬೇಕು ಅನ್ನುವುದು ತಿನ್ನುವ ಸಾಮಾನು ಮಾರುವ ಸಣ್ಣ ವ್ಯಾಪಾರಿಗಳಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಗಿರಾಕಿ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳಬೇಕು. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ, ಅಂದರೆ ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುವ ಪಟ್ಟಿಗೆ, 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಇನ್‌ಸ್ಟಾಗ್ರಾಮ್ ಫಾಲೋವರ್ಸ್ ಎಷ್ಟೇ ಇರಲಿ, ನೀವು ಹಾಕಿದ್ದು ಎಲ್ಲರಿಗೂ ಕಾಣುವುದಿಲ್ಲ. ಅದಕ್ಕೇ ಬಾಕ್ಸ್ ಕೈಗೆ ಕೊಡುವಾಗಲೇ ಹೇಳಿ: 'ಸೇವ್ ಮಾಡ್ಕೊಳಿ, ಹೊಸ ಬೆಲ್ಲ ಇಳಿದಾಗ ತಿಳಿಸ್ತೀನಿ.' ಮೈಸೂರಿನವರಿಗೆ ಒಂದು ಪಟ್ಟಿ, ಬೆಂಗಳೂರಿನವರಿಗೆ ಇನ್ನೊಂದು. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ತಪ್ಪೇನಿಲ್ಲ.

ಎರಡನೆಯದಕ್ಕೆ ಸ್ವಲ್ಪ ಧೈರ್ಯ ಬೇಕು. ಮುಜುಗರದ ವಿಷಯವನ್ನು ಯಾರೂ ಕೇಳುವ ಮೊದಲೇ ನೀವೇ ಹೇಳಿಬಿಡಿ. ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಕೆಲವರು ಹೈಡ್ರೋಸ್, ಅಂದರೆ ಬಣ್ಣ ತಿಳಿಯಾಗಿಸುವ ಸಲ್ಫರ್ ಇರುವ ಕೆಮಿಕಲ್, ಹಾಕುವುದು ನಿಜ. ಮಾರ್ಕೆಟ್‌ನಲ್ಲಿ ಆ ಬಣ್ಣಕ್ಕೇ ರೇಟು, ಏನು ಮಾಡುವುದು? ನಾವು ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತೇವೆ. ಹಾಗಾಗಿ ನಮ್ಮ ಅಚ್ಚು ಕಂದು ಬಣ್ಣಕ್ಕಿರುತ್ತದೆ, ನೋಡಲು ಅಷ್ಟೇನೂ ಚೆಂದ ಇಲ್ಲ. ಸುಣ್ಣವನ್ನೂ ಹಾಕುತ್ತೇವೆ. 'ಏನೂ ಹಾಕಲ್ಲ' ಅಂತ ಬೋರ್ಡ್ ಬರೆಸಿದರೆ ಸುಣ್ಣದ ಡಬ್ಬಿಯ ಫೋಟೊ ಒಂದು ಸಾಕು, ಮರ್ಯಾದೆ ಹೋಗಲು. ಲ್ಯಾಬ್ ರಿಪೋರ್ಟ್ ಇದ್ದರೆ ಸುಮ್ನೆ ಪಿಡಿಎಫ್ ಎಸೆಯಬೇಡಿ. 'ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ದಾಟಬಾರದು, ನಮ್ಮದು ಇಷ್ಟಿದೆ' ಅಂತ ಒಂದು ಸಾಲು ಬರೆಯಿರಿ.

ಇನ್ನು ವಿಡಿಯೊ ಬಂದ ದಿನ. ಆ ವಿಡಿಯೊವನ್ನು ನೀವೇ ಹಂಚಬೇಡಿ, ಬೈಯುವುದಕ್ಕೂ ಹಂಚಬೇಡಿ. ಅದು ಯಾವ ಊರಿನದು, ಹಳೆಯದಾ ಅಂತ ನೋಡಿ. ಆಮೇಲೆ ಕೊಪ್ಪರಿಗೆ ಪಕ್ಕ ನಿಂತು ಒಂದು ನಿಮಿಷದ ವಿಡಿಯೊ ಮಾಡಿ. ಹಿನ್ನೆಲೆಗೆ ಹಾಡು ಬೇಡ, ಗಾಣದ ಸದ್ದೇ ಇರಲಿ. ಮಾತು ನಮ್ಮ ಕಡೆಯ ಕನ್ನಡದಲ್ಲೇ ಇರಲಿ. 'ಹೈಡ್ರೋಸ್ ಹಾಕೋದು ನಿಜ. ನಾವು ಹಾಕಲ್ಲ. ಅನುಮಾನ ಇದ್ದರೆ ಬೇಯಿಸೋ ಹೊತ್ತಿಗೇ ಬಂದು ನೋಡಿ.' ಇಷ್ಟು ಸಾಕು. ತಾರೀಕು, ಊರು ವಿಡಿಯೊದ ಒಳಗೇ ಕಾಣಬೇಕು. ಫಾರ್ವರ್ಡ್ ಆಗುತ್ತಾ ಆಗುತ್ತಾ ಕೆಳಗಿನ ಬರಹ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ.

ಇಲ್ಲಿ ನಮಗೊಂದು ಅನುಕೂಲ ಇದೆ. ತುಂಬಾ ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುವುದು. 2020ರಿಂದ ಹಾಗೇ ಇದೆ. ನಿಮ್ಮ ಹೊಸ ವಿಡಿಯೊ ಒಂದೇ ಸಲಕ್ಕೆ ಐದು ಚಾಟ್‌ಗೆ ಹೋಗುತ್ತದೆ. ಮೈಸೂರಿನ ಕುವೆಂಪುನಗರದ ಅಪಾರ್ಟ್‌ಮೆಂಟ್ ಗ್ರೂಪಿಗೆ ನಮ್ಮನ್ನು ಯಾರು ಸೇರಿಸುತ್ತಾರೆ? ಅಲ್ಲಿರುವ ನಿಮ್ಮ ಗಿರಾಕಿಗೆ ಕಳಿಸಿ, ಅವರೇ ಹಾಕಲಿ.

ಪಕ್ಕದ ಆಲೆಮನೆಯವರ ಕಡೆ ಬೆರಳು ತೋರಿಸಬೇಡಿ. ಓದುವವರಿಗೆ ನೆನಪಿರುವುದು 'ಮಂಡ್ಯ ಬೆಲ್ಲ' ಅನ್ನುವುದಷ್ಟೇ. ಅವರನ್ನು ಬೈದರೆ ನಮ್ಮ ಬೆಲ್ಲಕ್ಕೂ ಏಟು, ಅಲ್ವಾ?

ಉತ್ತರ ಕೊಡುವವರು ಒಬ್ಬರೇ ಇರಲಿ. ಅಣ್ಣನಿಗೆ ಫೋನ್ ಬಂದರೆ 'ಅದೆಲ್ಲಾ ತಂಗಿಯನ್ನೇ ಕೇಳಿ' ಅನ್ನುತ್ತಾನೆ, ಅವನಿಗೆ ಸಿಟ್ಟು ಜಾಸ್ತಿ. ಪ್ರಶ್ನೆ ಕೇಳಿದ ಕಾಮೆಂಟ್ ಅಳಿಸಬೇಡಿ. ಬರೀ ಬೈಗುಳ ಇದ್ದರೆ ಅಳಿಸಿ.

ರೀಲ್ಸ್ ಮಾಡುವವರು ಬಂದರೆ ಬರಲಿ. ಆದರೆ ದುಡ್ಡು ಕೊಟ್ಟಿದ್ದರೆ, ಪುಕ್ಕಟೆ ಬೆಲ್ಲ ಕೊಟ್ಟಿದ್ದರೂ, ಅದು ಜಾಹೀರಾತು ಅಂತ ಅವರು ತೋರಿಸಲೇಬೇಕು. 2023ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೇ ಹೊರಡಿಸಿದೆ.

ಗಲಾಟೆ ತಣ್ಣಗಾದ ಮೇಲೆ, ಯುಗಾದಿಗೆ ಮುಂಚೆ, ಜನ ಕೇಳಿದ ಪ್ರಶ್ನೆಗಳನ್ನೆಲ್ಲ ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ತುಂಬಿಡಿ. ಬಣ್ಣ ಯಾಕೆ ಕಪ್ಪು, ಎಷ್ಟು ದಿನ ಇಡಬಹುದು, ಹಾಲು ಒಡೆಯುತ್ತಾ. ಸ್ಲ್ಯಾಶ್ ಒತ್ತಿ ಆರಿಸಿದರೆ ಉತ್ತರ ಸಿದ್ಧ. ಹಾಲಿನ ಪ್ರಶ್ನೆಯನ್ನು ಮೊದಲು ತುಂಬಿ, ಎಲ್ಲರೂ ಕೇಳುವುದು ಅದನ್ನೇ.